ವಿಜಯಪುರದ ಕಥೋಲಿಕ ಧರ್ಮಸಭೆ: ಎಷ್ಟು ಹಳೆಯದು, ಯಾರ ಅಧೀನ?

ವಿಜಯಪುರ ಎಂದ ಕೂಡಲೇ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಕಣ್ಣಮುಂದೆ ಬರುತ್ತವೆ. ಕಥೋಲಿಕ ಧರ್ಮಸಭೆಯ ಚರಿತ್ರೆಯಲ್ಲಿ ಈ ಊರಿಗೆ ಇನ್ನೊಂದು ಗುರುತಿದೆ. ಲ್ಯಾಟಿನ್ ಪದ್ಧತಿಯ ಧರ್ಮಸಭೆಯಲ್ಲಿ ಬಿಷಪ್ ಪದವಿ ಪಡೆದ ಮೊದಲ ಭಾರತೀಯನಿಗೆ 1637ರಲ್ಲಿ ರೋಮ್ ಒಪ್ಪಿಸಿದ ಸೀಮೆ ಇದೇ ಆದಿಲಶಾಹಿ ರಾಜ್ಯ. ಅಂದು ಹೆಸರಾದ ಆ ಸೀಮೆಯ ರಾಜಧಾನಿ ಇಂದು 2005ರಲ್ಲಿ ಹುಟ್ಟಿದ ಕಲಬುರಗಿ ಧರ್ಮಪ್ರಾಂತ್ಯದ ಒಂದು ಭಾಗ. ಆ ಧರ್ಮಪ್ರಾಂತ್ಯ ಬೆಂಗಳೂರು ಮಹಾಧರ್ಮಪ್ರಾಂತ್ಯದ ಮಂಡಲಕ್ಕೆ ಸೇರಿದೆ.

ಈ ಎರಡು ಸಂಗತಿಗಳ ನಡುವೆ ಮೂರೂವರೆ ಶತಮಾನಕ್ಕೂ ಮೀರಿದ ಅಂತರವಿದೆ. ಇಷ್ಟು ಬೇಗ ಹೆಸರಾದ ಕೇಂದ್ರ ಯಾಕೆ ಉಳಿಯಲಿಲ್ಲ? ಇಂದಿನ ಸಮುದಾಯ ಅಂದಿನದರ ಮುಂದುವರಿಕೆಯೇ, ಹೊಸದೇ? ಬೆರಳೆಣಿಕೆಯ ಕುಟುಂಬಗಳ ಧಾರ್ಮಿಕ ಬದುಕಿನ ತೀರ್ಮಾನ ಎಲ್ಲಿ ಆಗಬೇಕು? ಈ ಮೂರು ಪ್ರಶ್ನೆಗಳ ಸುತ್ತ ಬೆಳೆದ ವಾದಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಗೋವಾದ ದಾರಿ, ಸುಲ್ತಾನನ ಆಸ್ಥಾನ

1510ರಲ್ಲಿ ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ಆದಿಲಶಾಹಿಗಳ ಕೈಯಿಂದ. ಅಲ್ಲಿಂದ ಮುಂದೆ ವಿಜಯಪುರಕ್ಕೂ ಪೋರ್ಚುಗೀಸರಿಗೂ ಯುದ್ಧ, ವ್ಯಾಪಾರ, ರಾಯಭಾರ ಮೂರೂ ಒಟ್ಟೊಟ್ಟಿಗೆ ನಡೆದವು. ಗೋವಾ 1530ರ ದಶಕದಲ್ಲಿ ಧರ್ಮಪ್ರಾಂತ್ಯವಾಯಿತು, 1550ರ ದಶಕದಲ್ಲಿ ಮಹಾಧರ್ಮಪ್ರಾಂತ್ಯವೂ ಆಯಿತು. ಒಂದನೆಯ ಅಲಿ ಆದಿಲಶಾಹ ಕ್ರೈಸ್ತ ಮತದ ತಿರುಳು ತಿಳಿಯುವ ಕುತೂಹಲದಿಂದ ಗೋವಾದ ಮೊದಲ ಮಹಾಧರ್ಮಾಧ್ಯಕ್ಷ ಗಾಸ್ಪರ್ ದ ಲಿಯಾಂವ್ ಅವರಲ್ಲಿ ಗುರುಗಳನ್ನು ಕಳಿಸುವಂತೆ ಕೇಳಿದ. 1561ರಲ್ಲಿ ಯೇಸುಸಭೆಯ ಗೊನ್ಸಾಲೊ ರೊಡ್ರಿಗಸ್ ಮತ್ತು ಡೊಮಿನಿಕನ್ ಸಭೆಯ ಗುರುವೊಬ್ಬರು ವಿಜಯಪುರಕ್ಕೆ ಬಂದರು. ಈ ಭೇಟಿಯಿಂದ ಇಲ್ಲಿ ನೆಲೆಯಾದ ಧರ್ಮಕೇಂದ್ರ ಹುಟ್ಟಲಿಲ್ಲ. ಪರಮತದ ಮಾತನ್ನು ಕೇಳಿಸಿಕೊಳ್ಳುವ ಔದಾರ್ಯ ಈ ಆಸ್ಥಾನಕ್ಕೆ ಇತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅದೇ ಅಲಿ ಹತ್ತು ವರ್ಷಗಳೊಳಗೆ ಗೋವಾಕ್ಕೆ ಮುತ್ತಿಗೆಯನ್ನೂ ಹಾಕಿದ.

ಗೋವಾದಿಂದ ರಾಜಧಾನಿಗೆ ಬರುವವರಿಗೆ ಅಥಣಿ ದೊಡ್ಡ ತಂಗುದಾಣ. ಮಂಡೆಲ್‌ಸ್ಲೋ ಹೆಸರಿನ ಹದಿನೇಳನೆಯ ಶತಮಾನದ ಜರ್ಮನ್ ಪ್ರವಾಸಕಥನ ಅದನ್ನು ಎರಡೂ ಊರುಗಳ ನಡುವಿನ ವ್ಯಾಪಾರದ ಪೇಟೆಯೆಂದು ಗುರುತಿಸುತ್ತದೆ. ಅಥಣಿಯಿಂದ ಐಗಳಿ, ತೆಲಸಂಗ, ಹೊನವಾಡ, ತಿಕೋಟಾ ದಾಟಿ, ಎರಡನೆಯ ಇಬ್ರಾಹಿಂ ನವರಸಪುರ ಕಟ್ಟಿಸಿದ ತೊರವಿಯ ಮಗ್ಗುಲಲ್ಲಿ ವಿಜಯಪುರ ಹೊಕ್ಕುವ ದಾರಿ ಇಂದಿಗೂ ಜನ ಬಳಸುವ ದಾರಿಯೇ. ನಗರದ ಪೂರ್ವಕ್ಕಿರುವ ಕುಮಟಗಿಯ ಬೇಸಿಗೆ ಅರಮನೆಗೆ ಹೋದರೆ ಇನ್ನೊಂದು ಗುರುತು ಸಿಗುತ್ತದೆ. ಕೆರೆಯ ದಂಡೆಯ ಆ ಪುಟ್ಟ ಕಟ್ಟಡದ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿ ಹಿಡಿಯುವವರು, ಅವರ ನಡುವೆ ಯುರೋಪಿನ ಉಡುಪು ತೊಟ್ಟ ಪರದೇಶಿಗಳು ಇದ್ದಾರೆ. ಬಣ್ಣ ಬಹಳಷ್ಟು ಉದುರಿದೆ, ಗೀಚಿದ ಹೆಸರುಗಳು ಮುಖಗಳನ್ನು ತಿಂದುಹಾಕಿವೆ. ಫಿರಂಗಿಗಳು ಈ ಊರಿನ ಕಣ್ಣಿಗೆ ಎಷ್ಟು ಪರಿಚಿತರಾಗಿದ್ದರು ಎಂಬುದನ್ನು ಅಳಿದುಳಿದ ಆ ಗೆರೆಗಳು ಇನ್ನೂ ಹೇಳುತ್ತವೆ.

ಒಂದೇ ಧರ್ಮಸಭೆ, ಎರಡು ಅಧಿಕಾರ

ಮುಂದಿನ ಕಥೆ ಅರ್ಥವಾಗಲು ಅಂದಿನ ಅಧಿಕಾರದ ಜಗಳ ತಿಳಿದಿರಬೇಕು. ಪೋಪ್‌ಗಳು ಪೋರ್ಚುಗಲ್ ದೊರೆಗೆ ಪೂರ್ವದೇಶಗಳ ಧರ್ಮಸಭೆಯ ಪೋಷಕತ್ವ ಕೊಟ್ಟಿದ್ದರು. ಇದೇ ಪದ್ರುವಾದೊ. ಚರ್ಚು ಕಟ್ಟಿಸುವುದು, ಗುರುಗಳಿಗೆ ಸಂಬಳ ಕೊಡುವುದು ದೊರೆಯ ಹೊಣೆ. ಬಿಷಪ್ಪರನ್ನು ಹೆಸರಿಸುವ ಹಕ್ಕೂ ಅವನದೇ. ಪೋರ್ಚುಗಲ್ಲಿನ ಬಲ ಕುಗ್ಗಿದಂತೆ ಈ ಹಕ್ಕು ಧರ್ಮಪ್ರಚಾರಕ್ಕೇ ತೊಡಕೆಂದು ರೋಮಿಗೆ ಅನ್ನಿಸತೊಡಗಿತು. 1622ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪ್ ಪ್ರೊಪಗಾಂಡ ಫಿದೆ ಎಂಬ ಪ್ರತ್ಯೇಕ ಇಲಾಖೆ ತೆರೆದರು. ದೊರೆಯನ್ನು ಕೇಳದೆ ಬಿಷಪ್ಪರನ್ನು ಕಳಿಸಲು ಅದು ಕಂಡುಕೊಂಡ ಉಪಾಯ ‘ಪ್ರೇಷಿತ ಪ್ರತಿನಿಧಿ’ ಎಂಬ ಹುದ್ದೆ. ಎಂದೋ ಅಳಿದುಹೋದ ಪ್ರಾಚೀನ ನಗರವೊಂದರ ಹೆಸರಿನಲ್ಲಿ ಬಿಷಪ್ ದೀಕ್ಷೆ ಕೊಡುವುದು, ಆಡಳಿತವನ್ನು ಪೋಪರ ಹೆಸರಿನಲ್ಲಿ ನಡೆಸುವುದು. ಪೋರ್ಚುಗೀಸರ ಆಳ್ವಿಕೆ ಇಲ್ಲದ, ಆದರೆ ಗೋವಾಕ್ಕೆ ತಾಗಿಕೊಂಡಿದ್ದ ಆದಿಲಶಾಹಿ ರಾಜ್ಯ ಈ ಹೊಸ ಪ್ರಯೋಗದ ಮೊದಲ ನೆಲಗಳಲ್ಲಿ ಒಂದಾಯಿತು.

ಮತೇವುಸ್ ದ ಕಾಸ್ತ್ರೊ

ಆ ಹುದ್ದೆಗೆ ಬಂದವರು ಗೋವಾದ ಕ್ರೈಸ್ತ ಬ್ರಾಹ್ಮಣ ಮನೆತನದ ಮತೇವುಸ್ ದ ಕಾಸ್ತ್ರೊ. ಗೋವಾದಲ್ಲಿ ಗುರುದೀಕ್ಷೆ ಸಿಗದೆ ಅವರು ಪರ್ಷಿಯಾ ಕಡೆಯಿಂದ ನೆಲದ ದಾರಿ ಹಿಡಿದು 1625ರ ಹೊತ್ತಿಗೆ ರೋಮ್ ತಲುಪಿದರು, ಅಲ್ಲೇ ಓದಿ ಗುರುವಾದರು. ಊರಿಗೆ ಮರಳಿದಾಗ ಗೋವಾದ ಅಧಿಕಾರಿಗಳು ಅವರ ಕಾಗದಪತ್ರಗಳಿಗೆ ಮನ್ನಣೆ ಕೊಡಲಿಲ್ಲ. ಮತ್ತೆ ರೋಮಿಗೆ ಹೋದರು. 1637ರಲ್ಲಿ ಕ್ರಿಸೊಪೊಲಿಸ್ ಎಂಬ ಪ್ರಾಚೀನ ನಗರದ ಹೆಸರಿನಲ್ಲಿ ಬಿಷಪ್ ದೀಕ್ಷೆ ಪಡೆದರು. ರೋಮಿನ ದಾಖಲೆಗಳಲ್ಲಿ ‘ಇದಲ್ಕಾನ್’ ಎಂದು ಕಾಣುವ ಆದಿಲಶಾಹಿ ರಾಜ್ಯದ ಹೊಣೆ ಅವರಿಗೆ ಬಂತು.

ಗೋವಾ ಈ ಬಾರಿಯೂ ಅವರನ್ನು ಒಪ್ಪಲಿಲ್ಲ. ಕಾಸ್ತ್ರೊ ಆದಿಲಶಾಹಿ ನೆಲದಲ್ಲಿ, ಮುಖ್ಯವಾಗಿ ಗೋವಾದ ಗಡಿಗೆ ಅಂಟಿಕೊಂಡ ಡಿಚೋಲಿಯಲ್ಲಿ ನೆಲೆಸಿ ಸ್ಥಳೀಯರಿಗೆ ಗುರುದೀಕ್ಷೆ ಕೊಟ್ಟರು. ವಿಜಯಪುರದ ದರ್ಬಾರಿನಲ್ಲೂ ಅವರಿಗೆ ಆಶ್ರಯವಿತ್ತು. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲಶಾಹನ ಕಾಲವದು. 1653ರಲ್ಲಿ ಕಾಸ್ತ್ರೊ ‘ಸ್ಪೆಕ್ಯುಲಮ್ ಬ್ರಾಖ್ಮಾನುಮ್’ ಎಂಬ ಬರಹದಲ್ಲಿ ಪೋರ್ಚುಗೀಸರ ದಬ್ಬಾಳಿಕೆ ಸಹಿಸಬಾರದೆಂದು ಗೋವಾದ ಬ್ರಾಹ್ಮಣ ಕ್ರೈಸ್ತರಿಗೆ ಕರೆಕೊಟ್ಟರು. ಮರುವರ್ಷ ಆದಿಲಶಾಹಿ ಸೈನ್ಯ ಗೋವಾದ ಮೇಲೆ ನುಗ್ಗಿತು. ಅದಕ್ಕೆ ಕಾಸ್ತ್ರೊ ಅವರ ಕುಮ್ಮಕ್ಕೇ ಕಾರಣವೆಂದು ಪೋರ್ಚುಗೀಸರು ದೂರಿದರು. ಕೊನೆಗೆ ರೋಮ್ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಅವರ ಕೊನೆಯ ವರ್ಷಗಳು ಅಲ್ಲೇ ಕಳೆದವು.

ಅವರ ನಂತರ 1669ರಲ್ಲಿ ಕುಸ್ತೋದಿಯೊ ದ ಪಿನ್ಹೊ ಈ ಸೀಮೆಯ ಹೊಣೆ ಹೊತ್ತರು. ಕಾಸ್ತ್ರೊ ಅವರ ಬಂಧು ತೊಮಾಸ್ ದ ಕಾಸ್ತ್ರೊ ಕರಾವಳಿಯ ಕೆನರಾಕ್ಕೆ ಪ್ರೇಷಿತ ಪ್ರತಿನಿಧಿಯಾಗಿ ಬಂದರು. 2015ರಲ್ಲಿ ಸಂತ ಪದವಿಗೇರಿದ ಜೋಸೆಫ್ ವಾಜ್ 1681ರಲ್ಲಿ ಗೋವಾದ ಪರವಾಗಿ ಕೆನರಾಕ್ಕೆ ಬಂದಾಗ ಎದುರಿಸಬೇಕಾದದ್ದು ಈ ತೊಮಾಸರ ಜತೆಗಿನ ಅಧಿಕಾರ ವ್ಯಾಜ್ಯವನ್ನೇ. ಹೀಗೆ ಬಯಲುಸೀಮೆಯ ಜಗಳ ಘಟ್ಟ ಇಳಿದು ಕರಾವಳಿಯ ಕ್ರೈಸ್ತರನ್ನೂ ಎರಡು ಪಾಲು ಮಾಡಿತು.

ವೈಫಲ್ಯಕ್ಕೆ ಕಾರಣವೇನು: ನಾಲ್ಕು ವಿವರಣೆಗಳು

ಮೊದಲನೆಯದು ಪದ್ರುವಾದೊ ಪಕ್ಷದ ವಾದ. ದೊರೆಯ ಒಪ್ಪಿಗೆಯಿಲ್ಲದೆ ಬಂದ ಬಿಷಪ್ ಕಾನೂನುಬಾಹಿರ. ಶತ್ರುರಾಜ್ಯದಲ್ಲಿ ಕುಳಿತು ಗೋವಾದ ಪ್ರಜೆಗಳನ್ನು ಕೆರಳಿಸಿದವನು ದ್ರೋಹಿ. ಗೋವಾ ಅಷ್ಟೊಂದು ಗಾಬರಿಯಾದದ್ದೇಕೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಲ್ಯಾಟಿನ್ ಓದಿ ತಯಾರಾದ ಸ್ಥಳೀಯನಿಗೆ ದೀಕ್ಷೆಯ ಬಾಗಿಲು ಮುಚ್ಚಿದ್ದೇಕೆ ಎಂಬ ಪ್ರಶ್ನೆಗೆ ಮಾತ್ರ ಇದರಲ್ಲಿ ಉತ್ತರವಿಲ್ಲ.

ಎರಡನೆಯದು ರೋಮಿನ ಕಡೆಯಿಂದ ನೋಡುವ ವಾದ. ಈ ದೃಷ್ಟಿಯಲ್ಲಿ ಕಾಸ್ತ್ರೊ ಸ್ಥಳೀಯ ಗುರುವರ್ಗದ ಮುಂಗೋಳಿ. ಅವರನ್ನೇ ಕುರಿತು ಥಿಯೊಡೋರ್ ಘೆಸ್ಕಿಯೇರ್ 1937ರಲ್ಲಿ ಫ್ರೆಂಚಿನಲ್ಲಿ ಬರೆದ ಗ್ರಂಥ ಈ ಚರ್ಚೆಯ ಮುಖ್ಯ ಆಕರ. 1659ರಲ್ಲಿ ಪ್ರೊಪಗಾಂಡ ತನ್ನ ಪ್ರತಿನಿಧಿಗಳಿಗೆ ಕೊಟ್ಟ ಸೂಚನೆಯಲ್ಲಿ ಸ್ಥಳೀಯ ಗುರುಗಳನ್ನು ತಯಾರು ಮಾಡಿ, ಜನರ ಆಚಾರಗಳನ್ನು ಕೆಡಿಸಬೇಡಿ, ರಾಜಕೀಯದಿಂದ ದೂರವಿರಿ ಎಂಬ ಮಾತುಗಳಿವೆ. ಮೊದಲೆರಡು ಮಾತು ಕಾಸ್ತ್ರೊ ಪ್ರಯೋಗವನ್ನು ಎತ್ತಿಹಿಡಿಯುತ್ತವೆ, ಮೂರನೆಯದು ಅವರ ಅನುಭವದಿಂದ ಕಲಿತ ಪಾಠದಂತೆ ಓದಿಸಿಕೊಳ್ಳುತ್ತದೆ.

ಮೂರನೆಯ ವಾದ ವರ್ಣ ಮತ್ತು ಜಾತಿಯನ್ನು ಮುಂದಿಡುತ್ತದೆ. ಸಿ. ಆರ್. ಬಾಕ್ಸರ್ ಅವರಂಥ ಇತಿಹಾಸಕಾರರು ಪೋರ್ಚುಗೀಸ್ ಧರ್ಮಸಭೆಯೊಳಗಿನ ವರ್ಣಭೇದವನ್ನು ಬಿಡಿಸಿಟ್ಟರು. ಇತ್ತೀಚಿನ ಸಂಶೋಧನೆ, ಮುಖ್ಯವಾಗಿ ಆಂಜೆಲಾ ಬರೆತ್ತೊ ಶಾವಿಯೆರ್ ಮತ್ತು ಇನೆಸ್ ಝುಪಾನೋವ್ ಅವರ ಕೆಲಸ, ಇನ್ನೊಂದು ಪದರ ಬಿಚ್ಚಿದೆ. ಗೋವಾದ ಕ್ರೈಸ್ತ ಬ್ರಾಹ್ಮಣರೂ ಚಾರಡ್ಡಿ ಜಾತಿಯ ಕ್ರೈಸ್ತರೂ ತಮ್ಮ ಕುಲದ ಹಿರಿಮೆಯನ್ನು ಕ್ರೈಸ್ತ ಭಾಷೆಯಲ್ಲೇ ಸಾಧಿಸಲು ಹೊರಟ ಕಾಲವದು. ಬಿಳಿಯರ ಅಹಂಕಾರವನ್ನು ಪ್ರಶ್ನಿಸಿದ ಕಾಸ್ತ್ರೊ ತಮ್ಮ ಜಾತಿಯ ಅಹಂಕಾರವನ್ನು ಬಿಟ್ಟುಕೊಡಲಿಲ್ಲ. ಅವರು ಕರೆಕೊಟ್ಟದ್ದು ಬ್ರಾಹ್ಮಣರಿಗೆ ಎಂಬುದನ್ನು ಅವರ ಅಭಿಮಾನಿಗಳು ಮರೆಯುವಂತಿಲ್ಲ.

ನಾಲ್ಕನೆಯದು ದಖ್ಖನಿನಿಂದ ನೋಡುವ ವಿವರಣೆ. 1636ರಲ್ಲಿ ಷಹಜಹಾನನೊಡನೆ ಒಪ್ಪಂದ ಮಾಡಿಕೊಂಡ ವಿಜಯಪುರಕ್ಕೆ ಉತ್ತರದ ಭಯ ತಾತ್ಕಾಲಿಕವಾಗಿ ತಗ್ಗಿತ್ತು. ಗೋವಾದ ಮೇಲೆ ಒತ್ತಡ ಹೇರಲು ಅಲ್ಲಿಯವನೇ ಆದ, ಅಲ್ಲಿಯವರೊಡನೆ ಮುನಿದ ಬಿಷಪ್ ಒಬ್ಬನಿಗೆ ಆಶ್ರಯ ಕೊಡುವುದು ಸುಲ್ತಾನನಿಗೆ ಲಾಭದ ಮಾತು. ಈ ಆಶ್ರಯ ರಾಜ್ಯದ ಬಲವನ್ನು ಅವಲಂಬಿಸಿತ್ತು. ಶಿವಾಜಿಯ ಏಳಿಗೆ, ಆಸ್ಥಾನದ ಬಣಗಳ ಕಿತ್ತಾಟ, 1686ರಲ್ಲಿ ಔರಂಗಜೇಬನ ಗೆಲುವು ಆ ಆಸರೆಯನ್ನು ಕಿತ್ತೊಗೆದವು.

ನನ್ನ ಮಟ್ಟಿಗೆ ಮೂರನೆಯ ಮತ್ತು ನಾಲ್ಕನೆಯ ವಿವರಣೆಗಳನ್ನು ಕೂಡಿಸಿ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಿಜಯಪುರದ ಹೆಸರಿನ ಈ ಸೀಮೆಯ ಜಗಳವೆಲ್ಲ ಗೋವಾದವರದು, ತೀರ್ಪು ರೋಮಿನದು, ರಕ್ಷಣೆ ಸುಲ್ತಾನನದು. ತೊರವಿ, ತಿಕೋಟಾ, ಬಬಲೇಶ್ವರದ ಕನ್ನಡ ಮಾತಾಡುವ ರೈತ ಅದರಲ್ಲಿ ಎಲ್ಲೂ ಇರಲಿಲ್ಲ. ಬೇರಿಲ್ಲದೆ ನಿಂತದ್ದು ಮೊದಲ ಗಾಳಿಗೇ ಉರುಳಿತು.

ಗಡಿಗಳು ಸರಿದ ಬಗೆ

1686ರ ನಂತರ ಕೇಂದ್ರ ಪಶ್ಚಿಮಕ್ಕೆ ಸರಿಯಿತು. ಕಾರ್ಮೆಲ್ ಸಭೆಯ ಗುರುಗಳು ವಹಿಸಿಕೊಂಡ ಈ ಪ್ರಾಂತಕ್ಕೆ ‘ಮಹಾ ಮೊಗಲ’ ಎಂಬ ಹೆಸರು ನಿಂತಿತು. 1720ರಲ್ಲಿ ಇಂಗ್ಲಿಷರು ಮುಂಬೈಯಿಂದ ಪೋರ್ಚುಗೀಸ್ ಗುರುಗಳನ್ನು ಹೊರಹಾಕಿದಾಗ ಕಾರ್ಮೆಲ್ ಸಭೆಯ ಬಿಷಪ್ ಅಲ್ಲಿ ನೆಲೆಯಾದರು. 1886ರಲ್ಲಿ ಹದಿಮೂರನೆಯ ಲಿಯೊ ಪೋಪ್ ಭಾರತದ ಧರ್ಮಪ್ರಾಂತ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಮುಂಬೈ ಮಹಾಧರ್ಮಪ್ರಾಂತ್ಯವಾಯಿತು, ಪುಣೆ ಧರ್ಮಪ್ರಾಂತ್ಯವಾಯಿತು. ವಿಜಯಪುರದ ಸೀಮೆಯಲ್ಲಿ ಮೊಳೆತ ಆಡಳಿತ ಪರಂಪರೆ ದೊಡ್ಡ ಮಹಾಧರ್ಮಪ್ರಾಂತ್ಯವಾಗಿ ಬೆಳೆದದ್ದು ಮುಂಬೈಯಲ್ಲಿ!

ಗೋವಾದ ಪೋಷಕತ್ವ ಮತ್ತು ರೋಮಿನ ನೇರ ಆಡಳಿತದ ನಡುವಿನ ಎಳೆದಾಟ ಮುಗಿಯಲು 1950ರ ಒಪ್ಪಂದವೇ ಬೇಕಾಯಿತು. 1953ರ ಸೆಪ್ಟೆಂಬರ್ 19ರಂದು ಗೋವಾ ಮತ್ತು ಪುಣೆಯ ಭಾಗಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತ್ಯ ಕಟ್ಟಲಾಯಿತು. ಅದೇ ದಿನ ಬೆಂಗಳೂರು ಮಹಾಧರ್ಮಪ್ರಾಂತ್ಯದ ಸ್ಥಾನಕ್ಕೇರಿತು. ಭಾಷಾವಾರು ರಾಜ್ಯ ಹುಟ್ಟುವ ಮೂರು ವರ್ಷ ಮೊದಲೇ ಮುಂಬೈ ಕರ್ನಾಟಕದ ಕಥೋಲಿಕರಿಗೆ ತಮ್ಮದೊಂದು ಧರ್ಮಪ್ರಾಂತ್ಯ ಸಿಕ್ಕಿತು. 2005ರ ಜೂನ್ 24ರಂದು ಕಲಬುರಗಿ ಧರ್ಮಪ್ರಾಂತ್ಯ ಹುಟ್ಟಿದಾಗ ವಿಜಯಪುರ ಬೆಳಗಾವಿಯಿಂದ ಬಿಟ್ಟು ಅದಕ್ಕೆ ಸೇರಿತು. ರಾಬರ್ಟ್ ಮೈಕಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರು.

ಇಂದಿನ ಕಟ್ಟಡ: ಯಾರಿಗೆ ಎಷ್ಟು ಅಧಿಕಾರ

ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ಕರ್ನಾಟಕದ ಎಲ್ಲ ಕಥೋಲಿಕರಿಗೂ ಮೇಲಧಿಕಾರಿ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬೆಂಗಳೂರು ಮಂಡಲದಲ್ಲಿ ಮೈಸೂರು, ಮಂಗಳೂರು, ಬೆಳಗಾವಿ, ಬಳ್ಳಾರಿ, ಚಿಕ್ಕಮಗಳೂರು, ಕಾರವಾರ, ಶಿವಮೊಗ್ಗ, ಕಲಬುರಗಿ, ಉಡುಪಿ ಧರ್ಮಪ್ರಾಂತ್ಯಗಳಿವೆ. ಪ್ರತಿಯೊಂದರ ಧರ್ಮಾಧ್ಯಕ್ಷರೂ ತಮ್ಮ ಪ್ರಾಂತದಲ್ಲಿ ಪೂರ್ಣ ಅಧಿಕಾರಿಗಳು, ನೇರವಾಗಿ ಪೋಪರಿಗೆ ಉತ್ತರ ಕೊಡಬೇಕಾದವರು. 1983ರ ಧರ್ಮಸಭಾ ಕಾನೂನು ಮಹಾಧರ್ಮಾಧ್ಯಕ್ಷರಿಗೆ ಕೊಟ್ಟ ಕೆಲಸ ಚಿಕ್ಕದು. ಮಂಡಲದಲ್ಲಿ ವಿಶ್ವಾಸವೂ ಶಿಸ್ತೂ ಕೆಡದಂತೆ ಗಮನಿಸಬೇಕು, ತಪ್ಪು ಕಂಡರೆ ಪೋಪರಿಗೆ ತಿಳಿಸಬೇಕು. ಪೀಠ ತೆರವಾಗಿ ಅಲ್ಲಿಯ ಸಲಹೆಗಾರ ಗುರುಗಳು ಎಂಟು ದಿನದೊಳಗೆ ಉಸ್ತುವಾರಿಯನ್ನು ಆರಿಸದಿದ್ದರೆ ತಾವೇ ನೇಮಿಸಬೇಕು. ಹೆಗಲ ಮೇಲಿನ ಉಣ್ಣೆಯ ಪಟ್ಟಿ, ಪ್ಯಾಲಿಯಂ, ಆ ಸ್ಥಾನದ ಗುರುತು. ಸಿರೋ-ಮಲಬಾರ್ ಮತ್ತು ಸಿರೋ-ಮಲಂಕರ ಪದ್ಧತಿಯವರಿಗೆ ರಾಜ್ಯದಲ್ಲಿ ಬೇರೆ ಧರ್ಮಪ್ರಾಂತ್ಯಗಳಿವೆ.

ಧರ್ಮಾಧ್ಯಕ್ಷರ ಕೆಳಗೆ ವಲಯಗಳು, ವಲಯಗಳ ಕೆಳಗೆ ಧರ್ಮಕೇಂದ್ರಗಳು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ. ಧರ್ಮಕೇಂದ್ರವೆಂದರೆ ಕಟ್ಟಡವಷ್ಟೇ ಅಲ್ಲ, ಗಡಿ ಗುರುತಿಸಿದ ನೆಲ. ತಿಕೋಟಾದ ದ್ರಾಕ್ಷಿ ತೋಟದ ಮಗ್ಗುಲಲ್ಲಿ ಬಾಡಿಗೆಗಿರುವ ನರ್ಸ್ ಆಗಲಿ, ಜಮಖಂಡಿ ಕಡೆಯ ದಾರಿಯ ಬಬಲೇಶ್ವರದ ಶಾಲೆಗೆ ವರ್ಗವಾಗಿ ಬಂದ ಶಿಕ್ಷಕನಾಗಲಿ, ಕಥೋಲಿಕರಾಗಿದ್ದರೆ ತಾವಿರುವ ನೆಲದ ಧರ್ಮಕೇಂದ್ರಕ್ಕೆ ಸೇರಿದವರೇ. ಊರಲ್ಲಿ ಚರ್ಚು ಇರಬೇಕೆಂದಿಲ್ಲ. ಮಗುವಿನ ದೀಕ್ಷಾಸ್ನಾನವಾದರೆ ಆ ಧರ್ಮಕೇಂದ್ರದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿ, ಧರ್ಮಪಿತ ಧರ್ಮಮಾತೆ, ದಿನಾಂಕ ದಾಖಲಾಗುತ್ತವೆ. ಮುಂದೆ ಮದುವೆ ಎಲ್ಲೇ ಆಗಲಿ, ಅದರ ಸುದ್ದಿ ಆ ಪುಸ್ತಕದ ಅದೇ ಸಾಲಿಗೆ ಬಂದು ಸೇರಬೇಕು. ಗಡಿ ಬದಲಾದಾಗ ಜನ ಕದಲುವುದಿಲ್ಲ, ಅವರ ಗುರುಗಳ ನೇಮಕ, ವರ್ಗಾವಣೆ, ಹಣದ ತೀರ್ಮಾನ ಮಾತ್ರ ಬೆಳಗಾವಿಯಿಂದ ಕಲಬುರಗಿಗೆ ಕದಲುತ್ತವೆ.

ಮುಂದುವರಿಕೆಯೋ, ಹೊಸ ಆರಂಭವೋ?

ಇಂದಿನ ಸಮುದಾಯ ಎಲ್ಲಿಂದ ಬಂತು ಎಂಬುದಕ್ಕೆ ಮೂರು ಉತ್ತರಗಳಿವೆ. ನಿರಂತರತೆಯನ್ನು ನಂಬುವವರು ರಾಯಚೂರು ಜಿಲ್ಲೆಯ ಮುದಗಲ್ಲಿನತ್ತ ಕೈ ತೋರುತ್ತಾರೆ. ಅಲ್ಲಿಯ ಕ್ರೈಸ್ತರು ತಮ್ಮ ಮೂಲವನ್ನು ಆದಿಲಶಾಹಿ ಕಾಲಕ್ಕೇ ಒಯ್ಯುತ್ತಾರೆ. ಒಳನಾಡಿನಲ್ಲಿ ಹಳೆಯ ಸಮುದಾಯ ಉಳಿಯುವುದು ಸಾಧ್ಯವಿತ್ತು ಎಂಬುದಕ್ಕೆ ಅದು ಉದಾಹರಣೆ. ಮುದಗಲ್ಲಿನ ಪುರಾವೆಯನ್ನು ವಿಜಯಪುರ ನಗರಕ್ಕೆ ಅಂಟಿಸಲು ಮಾತ್ರ ಬರುವುದಿಲ್ಲ.

ಹೊಸ ಆರಂಭದ ವಾದದವರು ಬ್ರಿಟಿಷ್ ಕಾಲದ ಬದಲಾವಣೆಗಳನ್ನು ಎತ್ತಿ ಹೇಳುತ್ತಾರೆ. 1876–78ರ ಭೀಕರ ಬರದ ನಂತರ ಗದಗ–ಹೊಟಗಿ ರೈಲು ಮಾರ್ಗ ಬಂತು, ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಸರಿಯಿತು. ರೈಲು, ಕಚೇರಿ, ಆಸ್ಪತ್ರೆಗಳ ಕೆಲಸ ಹಿಡಿದು ಗೋವಾ, ಮಂಗಳೂರು, ತಮಿಳುನಾಡಿನ ಕಡೆಯ ಕುಟುಂಬಗಳು ಉತ್ತರ ಕರ್ನಾಟಕದ ಪಟ್ಟಣಗಳಿಗೆ ಬಂದವು. 1880ರ ದಶಕದಲ್ಲಿ ಬಾಸೆಲ್ ಮಿಶನ್ ಕೂಡ ಇಲ್ಲಿ ಠಾಣೆ ತೆರೆಯಿತು. ಅದು ಪ್ರೊಟೆಸ್ಟಂಟ್ ಪರಂಪರೆ, ಇಂದಿನ ಸಿಎಸ್‌ಐ ಸಭೆಯ ಮೂಲಗಳಲ್ಲೊಂದು. ಹೊರಗಿನವರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು.

ಮೂರನೆಯವರ ಪ್ರಕಾರ ಪರಂಪರೆಯನ್ನು ರಕ್ತಸಂಬಂಧದಿಂದ ಅಳೆಯಬೇಕಿಲ್ಲ. ಸ್ಥಳೀಯನೇ ಧರ್ಮಪಾಲಕನಾಗಬೇಕು, ಧರ್ಮಸಭೆ ಯಾವ ದೊರೆಯ ನೆರಳೂ ಆಗಬಾರದು ಎಂಬ 1637ರ ಆಸೆ ಇಂದಿನವರಿಗೆ ಬಂದ ನಿಜವಾದ ಆಸ್ತಿ. ನನಗೆ ಹಿಡಿಸುವುದು ಈ ಮಾತು. ಹಳೆತನದ ಹೆಮ್ಮೆಗೆ ದಾಖಲೆ ಬೇಕು, ಆಸೆಯ ವಾರಸುದಾರಿಕೆಗೆ ನಡತೆ ಸಾಕು.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು ಕಾಲಗಣನೆ. ಮುಂಬೈ ಮಹಾಧರ್ಮಪ್ರಾಂತ್ಯದ ಮೂಲವನ್ನು ಕೆಲವು ಪಟ್ಟಿಗಳು 1637ಕ್ಕೆ, ಕೆಲವು 1669ಕ್ಕೆ ಒಯ್ಯುತ್ತವೆ. ಆ ಮೂಲದಲ್ಲಿ ವಿಜಯಪುರದ ಪಾಲು ಎಷ್ಟು ಎಂಬುದನ್ನು ಇತಿಹಾಸಕಾರರು ಬಗೆಹರಿಸಿಲ್ಲ. ರೋಮ್ ಮತ್ತು ಗೋವಾದ ಕಡತಗಳನ್ನು ದಖ್ಖನಿನ ಫಾರಸಿ ದಾಖಲೆಗಳೊಡನೆ ಹೊಂದಿಸಿ ಓದುವ ಕೆಲಸ ಕನ್ನಡದಲ್ಲೂ ನಡೆಯಬೇಕು. ಎರಡನೆಯದು 1686ರ ನಂತರದ ಮೌನ. ನಗರದಲ್ಲಿದ್ದ ಕ್ರೈಸ್ತರು ಚದುರಿದರೋ, ಗೋವಾಕ್ಕೆ ಮರಳಿದರೋ?

ಮೂರನೆಯದು ಮಂಡಲದ ಗಾತ್ರ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಮಂಡಲ ಸಾಕೇ, ಉತ್ತರಕ್ಕೊಂದು ಮಹಾಧರ್ಮಪ್ರಾಂತ್ಯ ಬೇಕೇ? ಬೇಡವೆನ್ನುವವರಿಗೆ ಉತ್ತರದ ಜನಸಂಖ್ಯೆಯೇ ಆಧಾರ. ರಾಜ್ಯದಲ್ಲಿ ಕ್ರೈಸ್ತರು ಶೇಕಡಾ ಎರಡರೊಳಗಿದ್ದಾರೆ, ವಿಜಯಪುರ ಜಿಲ್ಲೆಯಲ್ಲಿ ಶೇಕಡಾ ಒಂದಕ್ಕೂ ಬಹಳ ಕೆಳಗೆ. ಬೇಕೆನ್ನಲು ದೂರ, ಬಡತನ, ಬೇರೆಯೇ ಆದ ಬದುಕು ಆಧಾರವಾಗಬಲ್ಲವು. ಬೆಳಗಾವಿಯ ಧರ್ಮಾಧ್ಯಕ್ಷರಾಗಿದ್ದ ಬರ್ನಾರ್ಡ್ ಮೊರಾಸ್, ಪೀಟರ್ ಮಚಾದೊ ಇಬ್ಬರೂ ಮುಂದೆ ಬೆಂಗಳೂರಿನ ಪೀಠಕ್ಕೇರಿದರು. ಉತ್ತರದ ಅನುಭವ ದಕ್ಷಿಣದ ಪೀಠಕ್ಕೆ ತಲುಪಿದೆ. ಪೀಠವೇ ಉತ್ತರಕ್ಕೆ ಬರಬೇಕೇ ಎಂಬುದು ಪ್ರಶ್ನೆ.

ನಾಲ್ಕನೆಯದು ಜಾತಿ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ತಡೆ ತೆಗೆಯಲು ಶಿಫಾರಸು ಮಾಡಿತು. 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಆಯೋಗಕ್ಕೆ ಮತ್ತೆ ಇದೇ ವಿಷಯ ಹೋಯಿತು. ಸರ್ಕಾರದ ತೀರ್ಮಾನ ಏನೇ ಇರಲಿ, ಧರ್ಮಸಭೆ ತನ್ನೊಳಗಿನ ಜಾತಿಗೆ ತಾನೇ ಉತ್ತರ ಕೊಡಬೇಕು.

ಐದನೆಯದು ಧರ್ಮಪಾಲಕನ ಪ್ರಶ್ನೆ. ಎರಡನೆಯ ವ್ಯಾಟಿಕನ್ ಸಭೆ ಜನರ ಭಾಷೆಯಲ್ಲಿ ಬಲಿಪೂಜೆಗೆ ಅವಕಾಶ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ದೊಡ್ಡ ಹೋರಾಟವೇ ನಡೆಯಿತು. ವಿಜಯಪುರದಂಥ ಕಡೆ ಕನ್ನಡದ ಪೂಜೆಯ ಮುಂದಿನ ಹೆಜ್ಜೆ ಈ ನೆಲದಲ್ಲೇ ಹುಟ್ಟಿ ಗುರುಗಳಾಗುವವರು ಮತ್ತು ಧರ್ಮಭಗಿನಿಯರಾಗುವವರು. ಸಾವಿರಾರು ಮೈಲಿ ದಾಟಿ ರೋಮಿಗೆ ಹೋದ ಒಬ್ಬನ ಹಟದಿಂದ ಶುರುವಾದ ವಾದ ಅಲ್ಲಿಗೆ ಬಂದು ನಿಂತಿದೆ. ತಿಕೋಟಾ, ಬಬಲೇಶ್ವರದ ಮಕ್ಕಳಲ್ಲಿ ಯಾರಾದರೂ, ಯಾವ ಜಾತಿಯವರೇ ಆಗಲಿ, ನಾಳೆ ಈ ಪ್ರಾಂತದ ಧರ್ಮಾಧ್ಯಕ್ಷರಾಗಬಲ್ಲರೇ? ಗಡಿ, ಮಂಡಲ, ಪೀಠಗಳ ಮರುವಿಂಗಡಣೆಯನ್ನೆಲ್ಲ ಈ ಒಂದು ಪ್ರಶ್ನೆಯಿಂದ ಅಳೆಯಬೇಕು ಎಂಬುದು ನನ್ನ ದೃಢವಾದ ನಂಬಿಕೆ.